ಜಟಗನ ಕಾವಲಿಗಿಟ್ಟ ನೇಗಿಲು

ಉಪ್ಪಿನ ಸತ್ಯಾಗ್ರಹವಾದ ಮರುವರ್ಷ ಹಟ್ಟಿಕೇರಿಗೆ ಮೊದಲ ಕಬ್ಬಿಣದ ನೇಗಿಲು ತಂದವನು ನಾನೇ. ಅಂಕೋಲೆಯಿಂದ ಒಂದೇ ಕೈಯಲ್ಲಿ ಎತ್ತಿ ತಂದೆ. ಇನ್ನೊಂದು ಕೈಯಲ್ಲಿ ಬೀಡಿ ಇತ್ತು. ಆಗ ಗದ್ದೆಯಲ್ಲಿಟ್ಟ ನೇಗಿಲು, ನೊಗ ಎಲ್ಲ ಕಳುವಾಗುತ್ತಿದ್ದ ಕಾಲ. ಹಾಗಾಗಿ ನೇಗಿಲನ್ನು ಗದ್ದೆಯಲ್ಲೇ ನಿಲ್ಲಿಸಿ, ಅದಕ್ಕೆ ಮಾವಿನ ಸೊಪ್ಪು ಕಟ್ಟಿ, ಗದ್ದೆ ಕಾಯುವ ಜಟಗ ದೇವರಿಗೆ ಕಾಯಿಟ್ಟು ಹೇಳಿದೆ: "ಇದನ್ನ ಯಾರೂ ಮುಟ್ಟೂಕಾಗ, ಜಟಗಾ."

ಮುಂಗಾರಿನ ಮಿರ್ಗದ ಮಳೆ ಬಿತ್ತು. ಹದ ಆರುವ ಮೊದಲು ಉಳದಿದ್ದರೆ ಆ ವರ್ಷದ ಬಿತ್ತನೆಯೇ ಇಲ್ಲ. ಎತ್ತು ಹೊಡೆದುಕೊಂಡು ಹೋದೆ. ಮಟಮಟ ಮಧ್ಯಾಹ್ನದ ಬಿಸಿಲಲ್ಲೂ ನೇಗಿಲ ಕಬ್ಬಿಣ ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು. ಹಿಡಿ ಮಾತ್ರ ಬೆಚ್ಚಗೆ, ಯಾರೋ ಈಗಷ್ಟೇ ಕೈಬಿಟ್ಟ ಹಾಗೆ. ಆನೆಯನ್ನಾದರೂ ಎತ್ತಬಲ್ಲ ನಾನು ಎಳೆದೆ. ಅಲುಗಲಿಲ್ಲ. ಎತ್ತುಗಳು ಹಿಂದೆ ಸರಿದವು. ನನ್ನ ಕಿವಿಯ ಹತ್ತಿರವೇ ಯಾರೋ "ಹೋ... ಹೋ..." ಎಂದು ಅವನ್ನು ನಿಲ್ಲಿಸಿದರು.

ಬದುವಿನ ಮೇಲಿಂದ ನನ್ನ ಹೆಂಡತಿ ಗಂಗಿ ಕೂಗಿದಳು: "ಹರಕೆ ಹೇಳೂವಾಗ 'ನನ್ನೊಬ್ಬನ್ನ ಬಿಟ್ಟು' ಅಂದ್ರಾ ಇಲ್ವಾ?"

"ಮರ್ತೆ."

"ಹಂಗಾರೆ ಜಟಗನ ಲೆಕ್ಕದಲ್ಲಿ ನೀವೇ ಕಳ್ಳ. ಕೈ ಬಿಡಿ ಮೊದ್ಲು!"

ಬಿಟ್ಟೆ. ಪಕ್ಕದ ಮನೆಯ ಬೀರಣ್ಣನ ಮರದ ನೇಗಿಲು ಕೇಳಿ ತರಲು ಇಬ್ಬರೂ ಎತ್ತಿನ ಸಮೇತ ಹೋದೆವು. ತಿರುಗಿ ಬಂದಾಗ ಗದ್ದೆ ಪೂರ್ತಿ ಉತ್ತಾಗಿತ್ತು. ನಮ್ಮ ನೇಗಿಲು ನಿಂತಲ್ಲೇ ನಿಂತಿತ್ತು. ಕೆಸರಲ್ಲಿ ಎತ್ತಿನ ಹೆಜ್ಜೆ ಒಂದೂ ಇರಲಿಲ್ಲ. ಮನುಷ್ಯನ ಹೆಜ್ಜೆ ಸಾಲುದ್ದಕ್ಕೂ ಇತ್ತು, ಎಲ್ಲವೂ ಎಡಗಾಲಿನವು.