ಕಾಟಾ ಕಂಪ್ಯೂಟರಿನ ಕೂಗು

ಕಬ್ಬಿಣದ ರಾಡು ನನ್ನ ಗಂಟಲು ಒತ್ತುತ್ತಿತ್ತು.

ಬೆನ್ನಿಗೆ ಗೋಡೆ. ಎದುರಿಗೆ ಕಲ್ಲೇಶ... ಗಂಗಾವತಿಯ ಆ ಅಕ್ಕಿ ಮಿಲ್ಲಿನ ಮ್ಯಾನೇಜರ್, ಧಣಿ ದೊಡ್ಡಬಸಪ್ಪನ ತಂಗಿಯ ಮಗ. ಕೈಯಲ್ಲಿ ರಾಡು, ಬಾಯಲ್ಲಿ ಗುಟ್ಕಾ, ತಲೆಯಲ್ಲಿ ಏನೂ ಇಲ್ಲ!

"ನನ್ನ ರೂಮಿಗೆ ಯಾಕ ಬಂದೀಲೇ?"

"ಧಣಿ ಕಳಿಸ್ಯಾರ. ತೂಕದ ಕಾಟಾದಾಗ ರೈತರ ಭತ್ತ ಯಾರು ನುಂಗಾಕತ್ಯಾರ ನೋಡು ಅಂದಾರ."

"ಇನ್ಯಾರು? ಕಾಟಾದಾಗ ಕೂಡೋ ಹಸೀಬಾ! ಆಕಿ ಪಾಸ್‌ವರ್ಡ್ ಹಾಕೇ ತೂಕ ತಿದ್ಯಾರ. ಇವತ್ತ ಜೇಲಿಗೆ ಹೋಗ್ತಾಳ."

ಹಸೀಬಾ ಆಗ ಧಣಿಯ ಆಫೀಸಿನಲ್ಲಿ ಕೂತು ಅಳುತ್ತಿದ್ದಳು. ಎದುರಿಗೆ ಎಸ್ಸೈ. ಆ ಹುಡುಗಿ ಮಾಡಿದ ತಪ್ಪು ಒಂದೇ... ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ್ದು.

ನಾನು ಕುಷ್ಟಗಿಯವನು. ಕಂಪ್ಯೂಟರ್ ರಿಪೇರಿ ಮಾಡುತ್ತೇನೆ, ಕಳ್ಳರನ್ನೂ ಹಿಡಿಯುತ್ತೇನೆ. ತೂಕ ತಿದ್ದುವ ಚಿಕ್ಕ ಪ್ರೋಗ್ರಾಮು, ಒಂದು ಪೈಥಾನ್ ಸ್ಕ್ರಿಪ್ಟ್, ಬೆಳಿಗ್ಗೆಯೇ ಸರ್ವರಿನಲ್ಲಿ ಸಿಕ್ಕಿತ್ತು. ಕಲ್ಲೇಶನ ಫೋಲ್ಡರಿನಲ್ಲೇ! ಮುಚ್ಚಿಡುವಷ್ಟೂ ಬುದ್ಧಿಯಿಲ್ಲ. ಆದರೆ ತೋರಿಸಿದರೆ 'ಯಾರೋ ಇಟ್ಟಾರ' ಅನ್ನುತ್ತಿದ್ದ. ಧಣಿ ನಂಬುತ್ತಿದ್ದ. ಸೋದರಳಿಯ ನೋಡಿ!

ಅದಕ್ಕೇ ಆ ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿದ್ದೆ. ಅದು ಓಡಿದರೆ ಸಿಸ್ಟಮ್ ಲಾಗಿಗೆ, ಅಂದರೆ ಸರ್ವರಿನ ದಿನಚರಿಗೆ, ಮೆಸೇಜ್ ಹೋಗಬೇಕು. ಸಾದಾ ಮೆಸೇಜ್ ಆದರೆ ಫೈಲಿನಲ್ಲಿ ಸುಮ್ಮನೆ ಬಿದ್ದಿರುತ್ತದೆ. ನನ್ನದು ಎಮರ್ಜೆನ್ಸಿ ದರ್ಜೆಯದು. ಸರ್ವರಿಗೆ ಲಾಗಿನ್ ಆದ ಎಲ್ಲ ಸ್ಕ್ರೀನಿನ ಮೇಲೂ ಬಂದು ಬೀಳುತ್ತದೆ... ಧಣಿಯ ಮೇಜಿನ ಮೇಲೂ.

ಇನ್ನು ಈ ಕತ್ತೆಯಿಂದ ಎಂಟರ್ ಒತ್ತಿಸಬೇಕು!

ನಕ್ಕೆ.

"ಯಾಕ ನಗ್ತೀಲೇ?"

"ಹಸೀಬಾನ ಮಾಡಿರಬೇಕು ಬಿಡಪಾ. ನಿನಗೆಲ್ಲಿ ಬರ್ತೈತಿ ಇಂಥಾ ಕೆಲಸ? ಮೊಬೈಲ್ ರೀಚಾರ್ಜ್ ಮಾಡಾಕೂ ನಿನಗ ಆಳು ಬೇಕು!"

ಅವನ ಮುಖ ಕೆಂಪಾಯಿತು. "ಲೇ... ಆ ಸ್ಕ್ರಿಪ್ಟ್ ಬರದಾಂವ ನಾನ!"

"ಸುಳ್ಳು. ಅದು ಓಡಂಗೂ ಇಲ್ಲ."

"ಓಡಂಗಿಲ್ಲಾ? ನೋಡಿಲ್ಲೆ!"

ರಾಡು ಬಗಲಿಗೆ ಸಿಕ್ಕಿಸಿಕೊಂಡು ಕಂಪ್ಯೂಟರಿನ ಮುಂದಿನ ಕುರ್ಚಿಗೆ ಬಿದ್ದ. ಹಸೀಬಾಳ ಪಾಸ್‌ವರ್ಡ್ ಹೊಡೆದ. ಸ್ಕ್ರಿಪ್ಟ್ ತೆರೆದು, ಬೆಳಿಗ್ಗೆ ತೂಗಿದ ರೈತ ಹುಲಿಗೆಪ್ಪನ ಟ್ರ್ಯಾಕ್ಟರಿನ ಭತ್ತದ ತೂಕ ಇಳಿಸಿ ಬರೆದ.

ಎಂಟರ್!

ಸ್ಕ್ರೀನಿನ ಮೇಲೆ ಸಾಲು ಮೂಡಿತು: 'ಹಸೀಬಾ ಹೆಸರಿನಲ್ಲಿ ಈಗಷ್ಟೇ ತೂಕ ತಿದ್ದಲಾಗಿದೆ. ತಿದ್ದಿದ್ದು ಮ್ಯಾನೇಜರ್ ರೂಮಿನಿಂದ.'

"ಇದೇನಿದು?"

"ನಿಮ್ಮ ಮಾವಾರೂ ಇದನ್ನ ಓದಾಕತ್ಯಾರ. ಹಸೀಬಾ ಅವರ ಮುಂದ ಕುಂತಾಳ. ಆಕಿ ಕೈಯಾಗ ಕರವಸ್ತ್ರ ಐತಿ, ಕೀಬೋರ್ಡ್ ಇಲ್ಲ."

ಕಲ್ಲೇಶ ಹಾರಿ ಹೋಗಿ ಪ್ಲಗ್ ಕಿತ್ತ. ತನ್ನ ಮಾನಿಟರಿನದು! ಇಂಥವನ ಕೈಗೆ ಮಿಲ್ಲು ಕೊಟ್ಟಿದ್ದರು...

ಹೊರಗೆ ಬೂಟಿನ ಸದ್ದು. ಬಾಗಿಲು ದಡದಡ.

"ಕಲ್ಲ್ಯಾ! ಬಾಗಿಲಾ ತೆಗೀಲೇ!" ಧಣಿಯ ದನಿ.

ರಾಡು ನೆಲಕ್ಕೆ ಬಿತ್ತು. ನನ್ನ ಗಂಟಲು ಒತ್ತಿದ್ದ ಕೈಗಳು ಜೋಡಿಕೊಂಡವು.

"ಅಣ್ಣಾರ... ಅದನ್ನ ಡಿಲೀಟ್ ಮಾಡಾಕ ಬರ್ತೈತೇನ್ರಿ?"

ಚಿಲಕ ತೆಗೆಯುತ್ತ ಹೇಳಿದೆ. "ಫೈಲಿನಾಗಿಂದು ಬರ್ತೈತಿ. ನಿಮ್ಮ ಮಾವನ ಕಣ್ಣಾಗಿಂದು ಬರಂಗಿಲ್ಲ!"