ನಕ್ಷೆಯ ಬೆನ್ನು

ಈ ಹಸಿರನ್ನು ಅವಳೇ ಬಳಿದಿರಬಹುದೇ? ಬಳಿದಿದ್ದರೆ, ಈ ಎರಡು ವರ್ಷದಲ್ಲಿ ಅವಳಿಂದ ತಾನು ಕೊಂಡ ಹದಿನೇಳು ನಕ್ಷೆಗಳಲ್ಲಿ ಅಸಲಿ ಎಷ್ಟು? ಆ ನಗುವಿನಲ್ಲಿ ಅಸಲಿ ಎಷ್ಟು?

ಕಿಟಕಿಯ ಬೆಳಕಿನಲ್ಲಿ ಹಿಡಿದ ಹಾಳೆಯನ್ನು ಅವನು ಮತ್ತೊಮ್ಮೆ ತಿರುಗಿಸಿದ. ಬೆನ್ನು ಬೆಳ್ಳಗಿತ್ತು. ಅವನ ನೆಮ್ಮದಿ ಕೆಡಿಸಿದ್ದೇ ಆ ಬಿಳುಪು.

ಹಳೆಯ ಅಟ್ಲಾಸ್‌ಗಳಲ್ಲಿ ಅಚ್ಚಾಗುತ್ತಿದ್ದುದು ಕಪ್ಪು ಗೆರೆ ಮಾತ್ರ. ಬಣ್ಣ ತುಂಬುತ್ತಿದ್ದುದು ಕೈಯಿಂದ. ಆ ಕಾಲದ ಹಸಿರು ತಾಮ್ರದಿಂದ ಮಾಡಿದ್ದು. ಅದು ವರ್ಷಾನುಗಟ್ಟಲೆ ಕಾಗದವನ್ನು ಒಳಗೊಳಗೇ ತಿಂದು, ಬೆನ್ನಿಗೆ ಕಂದು ನೆರಳಾಗಿ ಇಳಿಯುತ್ತದೆ. ನಿನ್ನೆ ಮೊನ್ನೆ ಬಳಿದ ಹಸಿರಿಗೆ ಆ ನೆರಳಿರುವುದಿಲ್ಲ. ಹಾಗಾಗಿ ಅವನು ಯಾವ ನಕ್ಷೆಯನ್ನಾದರೂ ಮೊದಲು ಮಗುಚಿ ನೋಡುವವನು. ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವ ಕೆಲಸ. ತಪ್ಪು ಹುಡುಕುವ ಚಾಳಿ ರಕ್ತಕ್ಕೇ ಇಳಿದಿತ್ತು.

ಹಳೆಯ ನಕ್ಷೆಗಳನ್ನೂ ಮಾರುವ ಬೈಂಡಿಂಗ್ ಅಂಗಡಿಯವಳು ಅವನಿಗೆ ಇಟ್ಟ ಹೆಸರೇ 'ಇನ್ಸ್‌ಪೆಕ್ಟರ್ ಸಾಹೇಬ್ರು'.

"ಇವತ್ತೊಂದು ದಿನ ತಿರುಗಿಸದೆ ತಗೊಳ್ಳಿ ನೋಡೋಣ," ಎಂದು ಕಳೆದ ಸಲ ಕೆಣಕಿದ್ದಳು. ಹಣೆಯ ಮೇಲೆ ಬಿದ್ದ ಕೂದಲನ್ನು, ಬೆರಳಲ್ಲಿ ಅಂಟು ಇದ್ದದ್ದರಿಂದ, ಮೊಣಕೈಯಿಂದ ಸರಿಸಿದ್ದಳು. ಅದನ್ನು ನೋಡುತ್ತಾ ನಿಂತವನು ಬೆನ್ನು ನೋಡುವುದನ್ನೇ ಮರೆತು ಮನೆಗೆ ಬಂದಿದ್ದ.

"ನಕ್ಷೆ ನೋಡೋಕೆ ಹೋಗ್ತೀಯೋ, ನಕ್ಷೆ ಕೊಡೋಳನ್ನ ನೋಡೋಕೋ?" ಎಂದು ಅಕ್ಕ ಅಂದೇ ಕೇಳಿದ್ದಳು.

ಬೇಕೆಂದೇ ಮರೆಸಿದಳೇ? ಆ ಅನುಮಾನ ತಲೆಗೆ ಹೊಕ್ಕ ಮರುದಿನವೇ, ನಕ್ಷೆ ಸಂಗ್ರಹಕಾರರ ಭಾನುವಾರದ ಕೂಟದಲ್ಲಿ, ಕಾರ್ಯದರ್ಶಿಯ ಕಿವಿಯ ಹತ್ತಿರ ಬಾಗಿ ಒಂದೇ ಮಾತು ಹೇಳಿದ್ದ: "ಬೈಂಡಿಂಗ್ ಅಂಗಡಿ ಮಾಲು ಸ್ವಲ್ಪ ನೋಡಿ ತಗೊಳ್ಳಿ."

ಎರಡು ವಾರ ಅತ್ತ ಸುಳಿಯಲಿಲ್ಲ. ಮೂರನೆಯ ಶನಿವಾರ ತಡೆಯಲಾಗದೆ ಹೋದ. ಅವನನ್ನು ಕಂಡದ್ದೇ ಅವಳು ಮೇಜಿನ ಮೇಲಿದ್ದ ಹಾಳೆಗೆ ಒತ್ತುಕಾಗದ ಮುಚ್ಚಿದಳು. ಬೆರಳ ತುದಿಯ ಹಸಿರನ್ನು ಮುಚ್ಚಲಾಗಲಿಲ್ಲ.

ಅವನು ತಂದಿದ್ದ ನಕ್ಷೆಯನ್ನು ಬೋರಲಾಗಿ ಇಟ್ಟ.

"ಕಂದು ಕಾಣ್ತಿಲ್ಲ, ಅಲ್ವಾ?" ಅವಳ ನಗು ಇಳಿಯಿತು. ಒದ್ದೆ ಕುಂಚದಿಂದ ಮೂಲೆಯನ್ನು ತೇವ ಮಾಡಿ, ಸ್ವಲ್ಪ ಕಾದು, ಚಪ್ಪಟೆ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿದಳು. ತೆಳುವಾದರೂ ದಟ್ಟ ಬಿಳಿಯ ಕಾಗದವೊಂದು ಮೇಲೆದ್ದಿತು. ಅದರಡಿಯಲ್ಲಿ ಗಡಿಯ ಉದ್ದಕ್ಕೂ ಕಂದು ನೆರಳು.

"ಹಸಿರು ತಿಂದು ತಿಂದು ಗಡಿ ಉದುರ್ತಿತ್ತು ರೀ. ಅದಕ್ಕೇ ಬೆನ್ನಿಗೆ ಕಾಗದ ಕೊಟ್ಟೆ. ನೀವು ಹೇಗೂ ತಿರುಗಿಸ್ತೀರ, ಕೇಳ್ತೀರ, ಆಗ ಹೇಳೋಣ ಅಂತಿದ್ದೆ. ಅವತ್ತೇ ನೀವು ತಿರುಗಿಸಲಿಲ್ಲ."

"ಮತ್ತೆ ಬೆರಳಲ್ಲಿ ಆ ಹಸಿರು?"

ಅವಳು ಒತ್ತುಕಾಗದ ತೆಗೆದಳು. ಕೆಳಗಿನ ಡ್ರಾಯರನ್ನೂ ಎಳೆದಳು. ಅವನ ಮನೆಯಲ್ಲಿದ್ದ ಒಂದೊಂದು ನಕ್ಷೆಯ ನಕಲೂ ಅಲ್ಲಿತ್ತು. ಹೊಸ ಕಾಗದ, ಹೊಸ ಬಣ್ಣ. ಮೂಲೆಯಲ್ಲಿ ಪೆನ್ಸಿಲ್ಲಿನ ತಾರೀಖು, ಎಲ್ಲವೂ ಅವನು ಬಂದ ಶನಿವಾರಗಳು.

"ಮಾರೋಕಲ್ಲ," ಎಂದಳು. "ಸಂಜೆ ಹೊತ್ತು ನೀವು ಯಾವುದನ್ನ ನೋಡ್ತಾ ಕೂತಿರ್ತೀರೋ, ನನ್ನ ಹತ್ರಾನೂ ಅದು ಇರಲಿ ಅಂತ. ನಗಬೇಡಿ."

"ಬೇರೆ ಗಿರಾಕಿಗಳದ್ದು?" ಬಾಯಿ ತಪ್ಪಿ ಕೇಳಿಯೇಬಿಟ್ಟ.

"ಬೇರೆಯವರದ್ದು ನನಗ್ಯಾಕೆ?"

ಅವನು ಹಸಿರಾದ ಆ ಬೆರಳುಗಳನ್ನು ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ. ತಲೆ ತಗ್ಗಿಸಿಯೇ ಹೇಳಿದಳು:

"ಎರಡು ವಾರದಿಂದ ಒಬ್ಬರೂ ಬಂದಿಲ್ಲ. ಸೋದರಮಾವ ನನ್ನ ಕೈಗೆ ಕೊಟ್ಟು ಹೋದ ಅಂಗಡಿ ಇದು, ಮುಚ್ಚೋ ಹಾಗಾಗಿದೆ. ಯಾರೋ ಕಿವಿ ಊದಿದಾರೆ. ನಿಮಗೇನಾದ್ರೂ ಗೊತ್ತಾ?"

ಅವನು ಗೋಡೆಯ ಗಡಿಯಾರದ ಕಡೆ ನೋಡಿದ. "ವಿಚಾರಿಸ್ತೀನಿ," ಎಂದ.

ಮರುದಿನ ಆ ನಕ್ಷೆಯನ್ನು ಕೂಟಕ್ಕೆ ಒಯ್ದು, ಎದ್ದ ಮೂಲೆಯನ್ನು ಎಲ್ಲರಿಗೂ ತೋರಿಸಿ, ಇಷ್ಟು ಚೊಕ್ಕ ಕೈ ಊರಲ್ಲೇ ಇಲ್ಲ ಎಂದು ಹೊಗಳಿದ. ಕಾರ್ಯದರ್ಶಿ ಕನ್ನಡಕದ ಮೇಲಿನಿಂದ ಅವನನ್ನೇ ನೋಡಿದರು. ವಾರ ಕಳೆಯುವುದರೊಳಗೆ ಗಿರಾಕಿಗಳು ಮರಳಿದರು. ವರ್ಷ ತುಂಬುವುದರೊಳಗೆ ಡ್ರಾಯರಿನ ನಕ್ಷೆಗಳೂ ಅವನ ಮನೆಗೆ ಬಂದವು, ಅವಳ ಜೊತೆಗೆ.

"ಪುಣ್ಯಾತ್ಗಿತ್ತಿ, ನೀನು ಇವನನ್ನ ತಿರುಗಿಸಿ ನೋಡಲೇ ಇಲ್ಲವಲ್ಲೇ!" ಎಂದು ಅಕ್ಕ ನಕ್ಕಳು. ಅವಳೂ ನಕ್ಕಳು.

ಇಂದಿಗೂ ಒಮ್ಮೊಮ್ಮೆ, ಕುಂಚ ತೊಳೆಯುತ್ತಾ, ಅವಳು ಕೇಳುವುದುಂಟು: "ಅವತ್ತು ಯಾರು ರೀ ಹಾಗೆ ಹೇಳಿರಬಹುದು?"

ತಾನೇ ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.