ತೆರೆಯದ ಔಷಧ ಕೋಣೆ

ಬೆಳಿಗ್ಗೆ ಹನ್ನೊಂದಕ್ಕೆ ಆಸ್ಪತ್ರೆಯ ಔಷಧ ಕೋಣೆಯ ಬಾಗಿಲಿಗೆ ನನ್ನ ಸಿಬ್ಬಂದಿ ಕಾರ್ಡ್ ಹಿಡಿದೆ. ತೆರೆಯಲಿಲ್ಲ. ಮತ್ತೆ ಹಿಡಿದೆ — ಊಹೂಂ. ಅಷ್ಟರಲ್ಲಿ ವಾರ್ಡಿನ ಕಂಪ್ಯೂಟರುಗಳೂ ಯಾರ ಪಾಸ್‌ವರ್ಡನ್ನೂ ಒಪ್ಪದೆ ಕೂತವು. ಸಿಬ್ಬಂದಿಯ ಹೆಸರು, ಹುದ್ದೆ, ಪಾಸ್‌ವರ್ಡ್ ಎಲ್ಲ ಇಟ್ಟುಕೊಂಡ ಡೈರೆಕ್ಟರಿ ಸರ್ವರ್ ಬಿದ್ದುಹೋಗಿತ್ತು. ಎರಡು ತಿಂಗಳಲ್ಲಿ ಮೂರನೆಯ ಸಲ.

ಅದನ್ನು ನೋಡಿಕೊಳ್ಳುವವಳು ನನ್ನ ಅಕ್ಕ. ಮರುದಿನ ಆಡಳಿತಾಧಿಕಾರಿ ಅವಳನ್ನು ಕರೆದರು. "ಬಡ್ತಿ ಸಿಗಲಿಲ್ಲ ಅಂತ ಸೇಡು ತೀರಿಸ್ಕೋತಿದೀರಾ? ಸಂಜೆಯೊಳಗೆ ಕಾರಣ ಹೇಳಿ. ಇಲ್ಲಾಂದ್ರೆ ವಜಾ." ಪತ್ರ ಆಗಲೇ ಟೈಪಾಗಿತ್ತು.

ನನಗೆ ಮೈಯೆಲ್ಲ ಉರಿಯಿತು. ಉರಿದು ಮಾಡುವುದೇನು? ಅತ್ತೆಗೆ ಫೋನ್ ಮಾಡಿದೆ. ಇದೇ ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಆಗಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಯಾರು ಎಲ್ಲಿ ಸಿಗುತ್ತಾರೆ, ಯಾರು ಕೈಗೆ ಸಿಗದೆ ನುಣುಚಿಕೊಳ್ಳುತ್ತಾರೆ ಎಂಬುದು ಅವರಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿಲ್ಲ. ಆಟೋ ಹಿಡಿದು ನೇರ ಅಕ್ಕನ ಕೋಣೆಗೇ ಬಂದರು.

"ಆ ಮೂರು ದಿನ ಸರ್ವರ್ ಕೋಣೆಗೆ ಯಾರ್ಯಾರು ಬಂದಿದ್ರು ಅಂತ ಪಟ್ಟಿ ಮಾಡಿದೀನಿ ಅತ್ತೆ," ಎಂದೆ.

"ಬಂದವರ ವಿಷಯ ಎಲ್ರೂ ವಿಚಾರಿಸಿ ಆಯ್ತಲ್ಲೋ. ಬರದೇ ಇದ್ದವರು ಯಾರು? ರಜೆ ಪುಸ್ತಕ ತಾ."

ಪುಟ ತಿರುವಿ ನೋಡಿದವರೇ ಅಕ್ಕನ ಕಡೆ ತಿರುಗಿದರು. "ಔಷಧ ಕೋಣೆ ತೆರೆಯೋಕೆ ಅನುಮತಿ ಕೊಡೋ ಅಧಿಕಾರಿ ರಜೆಯಲ್ಲಿದ್ರೆ ಸರ್ವರ್ ಏನ್ಮಾಡುತ್ತೆ?"

"ಬದಲಿಗೆ ಯಾರನ್ನ ಹಾಕಿರ್ತಾರೋ ಅವರ ಅನುಮತಿ ನೋಡುತ್ತೆ."

"ಅವರೂ ಇಲ್ಲದಿದ್ರೆ?"

"ಅವರ ಬದಲಿಯವರ—" ಅಕ್ಕ ಮಾತು ನಿಲ್ಲಿಸಿ ಕಂಪ್ಯೂಟರಿನತ್ತ ಓಡಿದಳು.

ಸಂಜೆ ಆಡಳಿತಾಧಿಕಾರಿಯ ಕೋಣೆಗೆ ಹೋದೆವು. ಔಷಧ ಕೋಣೆಗೆ ಅನುಮತಿ ಕೊಡುವ ಸ್ಟೋರ್ ಮುಖ್ಯಸ್ಥರೂ ಅಲ್ಲಿದ್ದರು.

"ನೀವು ರಜೆ ಹಾಕಿದ್ರೆ ಬದಲಿ ಯಾರು?" ಅತ್ತೆ ಕೇಳಿದರು.

"ಇವರೇ," ಎಂದರು ಆಡಳಿತಾಧಿಕಾರಿ, ಮುಖ್ಯಸ್ಥರನ್ನು ತೋರಿಸಿ.

"ಇವರಿಗೆ ಬದಲಿ?"

"ನಾನು."

"ಆ ಮೂರೂ ದಿನ ಇಬ್ರೂ ರಜೆ. ಒಟ್ಟಿಗೆ ಎಲ್ಲಿಗೆ ಹೋಗಿದ್ರಿ ಅಂತ ನಾನು ಕೇಳಲ್ಲ. ಇವನು ಕಾರ್ಡ್ ಹಿಡಿದ. ಸರ್ವರ್ ಇವರನ್ನ ಹುಡುಕ್ತು — ಇಲ್ಲ. ನಿಮ್ಮನ್ನ ಹುಡುಕ್ತು — ಇಲ್ಲ. ಮತ್ತೆ ಇವರನ್ನ, ಮತ್ತೆ ನಿಮ್ಮನ್ನ. ಸುತ್ತಿ ಸುತ್ತಿ ಸುಸ್ತಾಗಿ ಬಿತ್ತು. ಬಂದ ಜಾಗಕ್ಕೇ ಮತ್ತೆ ಬಂದೆ ಅಂತ ತಿಳಿದು ನಿಲ್ಲೋ ಬುದ್ಧಿ ಆ ತಂತ್ರಾಂಶಕ್ಕಿಲ್ಲ."

"ತಂತ್ರಾಂಶದ ದೋಷಕ್ಕೆ ನಾನೇನ್ ಮಾಡ್ಲಿ?"

ಅಕ್ಕ ಮೊದಲ ಸಲ ಬಾಯಿ ತೆರೆದಳು. "ಸರಿಪಡಿಸಿದ ಆವೃತ್ತಿ ಬಂದು ನಾಲ್ಕು ತಿಂಗಳಾಯ್ತು ಸಾರ್. ಅದರಲ್ಲಿ ಸರಿಯಾಗಿರೋದು ಇದೇ ದೋಷ ಅಂತ ಇವತ್ತು ಗೊತ್ತಾಯ್ತು. ಹಾಕೋಕೆ ಅನುಮತಿ ಕೇಳಿ ಆಗಲೇ ಅರ್ಜಿ ಕೊಟ್ಟಿದ್ದೆ."

"ಅರ್ಜಿ ಎಲ್ಲಿದೆ?" ಅತ್ತೆ ಕೇಳಿದರು.

"ಮೊನ್ನೆ ತಾನೇ ಸಾಹೇಬರ ಅಭಿಪ್ರಾಯಕ್ಕೆ ಕಳಿಸ್ದೆ," ಎಂದರು ಮುಖ್ಯಸ್ಥರು.

"ನಾನು ಬೆಳಿಗ್ಗೆ ಅವರ ಅಭಿಪ್ರಾಯಕ್ಕೇ ವಾಪಸ್—" ಆಡಳಿತಾಧಿಕಾರಿ ಅಲ್ಲಿಗೇ ನಿಲ್ಲಿಸಿದರು.

"ಸರ್ವರ್ ಬೀಳಿಸಿದವರು ನೀವಿಬ್ರೇ," ಎಂದರು ಅತ್ತೆ, ದನಿ ಏರಿಸದೆ. "ಇವಳ ಹತ್ರ ಅರ್ಜಿಯ ನಕಲಿದೆ. ಇಬ್ರೂ ಇಲ್ಲೇ ಇದ್ದೀರಲ್ಲ, ಸಹಿ ಹಾಕಿ."

ಹಾಕಿದರು. ವಜಾ ಪತ್ರವನ್ನು ಆಡಳಿತಾಧಿಕಾರಿ ತಾವೇ ಹರಿದರು.

ಕಾರಿಡಾರಿಗೆ ಬಂದ ಮೇಲೆ ಅಕ್ಕ ಅತ್ತೆಯ ಹೆಗಲಿಗೆ ತಲೆಯಿಟ್ಟು ಅತ್ತುಬಿಟ್ಟಳು. ಕಣ್ಣೊರೆಸಿಕೊಂಡು ನೇರ ಸರ್ವರ್ ಕೋಣೆಗೆ ನಡೆದಳು, ಕೆಲಸಕ್ಕೆ.